ಹೊರಗಿನ ಕೋಣೆ ಸೊಸೆಗೆ ಮಂಜೂರಾಗುವ ಬಗ್ಗೆ

ಇಂದ,
ಆಶಾರಾಣಿ, ಕೋಂ ಮುನಿಕೃಷ್ಣ,
ಈ ಮನೆಯ ಸೊಸೆ ಹಾಗೂ ಸಣ್ಣ ಕಾರ್ಖಾನೆ ಮಾಲೀಕರ ಸಂಘದಲ್ಲಿ ಅರ್ಜಿ ಬರೆಯುವ ಗುಮಾಸ್ತೆ,
ಅಡುಗೆಮನೆ, ನೆಲಮಹಡಿ, ಹಳೇ ಊರು,
ದೊಡ್ಡನೆಕ್ಕುಂದಿ, ಬೆಂಗಳೂರು.

ಗೆ,
ಶ್ರೀಮತಿ ಭದ್ರಮ್ಮನವರು, ಕೋಂ ಲೇಟ್ ನಂಜಪ್ಪ,
ಮನೆ, ಕೊಟ್ಟಿಗೆ ಮತ್ತು ಹೊರಗಿನ ಕೋಣೆಯ ಖಾತೆದಾರರು ಹಾಗೂ ಅತ್ತೆಯವರು,
ಜಗಲಿ, ಅದೇ ಮನೆ.

ಮುಖಾಂತರ: ಯಾರ ಮುಖಾಂತರವೂ ಅಲ್ಲ. ತಮ್ಮ ಮಗನ ಮುಖಾಂತರ ಕಳಿಸಿದ ಮನವಿಗಳೆಲ್ಲ ಹಜಾರದಿಂದ ಜಗಲಿಗೆ ಬರುವಷ್ಟರಲ್ಲಿ ಕಳೆದುಹೋಗಿವೆ.

ವಿಷಯ: ಕೊಟ್ಟಿಗೆ ಪಕ್ಕದ ಹೊರಗಿನ ಕೋಣೆಯ ಬಾಡಿಗೆ ಕರಾರನ್ನು ಬರುವ ಸೋಮವಾರ ಮುಂದುವರಿಸದೆ, ಸದರಿ ಕೋಣೆಯನ್ನು ತಿಂಗಳಿಗೆ ಮೂರು ದಿನ ಮಲಗುವ ಸಲುವಾಗಿ ನನಗೆ ಮಂಜೂರು ಮಾಡಿಕೊಡುವ ಬಗ್ಗೆ.

ಉಲ್ಲೇಖ:
1. ಯುಗಾದಿಯ ಹಿಂದಿನ ದಿನ ಒಬ್ಬಟ್ಟು ತಟ್ಟುತ್ತಾ ನಾನು ಮಾಡಿದ ಮೌಖಿಕ ಮನವಿ. ಉತ್ತರವಾಗಿ ಬಂದದ್ದು: "ಹೂರ್ಣ ಗಟ್ಟಿ ಆತು."
2. ಡಾಕ್ಟರಮ್ಮನವರ ಚೀಟಿ.
3. ಶನಿವಾರ ಒಲೆ ಮುಂದೆ ತಾವೇ ಆಡಿದ ಮಾತು.

ಮಾನ್ಯ ಅತ್ತೆಯವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಒಂದೇ ಸೂರಿನಡಿ ಇದ್ದುಕೊಂಡು ಸೊಸೆ ಅತ್ತೆಗೆ ಅರ್ಜಿ ಬರೆಯುವ ಹಣೆಬರಹ ಯಾಕೆ ಬಂತು ಎಂದು ತಾವು ಕೇಳಬಹುದು. ಈ ಮನೆಯಲ್ಲಿ ಬಾಯಿಮಾತಿಗೆ ಕವಡೆ ಕಿಮ್ಮತ್ತಿಲ್ಲ. ಮರ್ಯಾದೆ ಏನಿದ್ದರೂ ಕಾಗದಕ್ಕೆ. ಸರ್ಕಾರದ ಒಂದು ಕಾಗದದಿಂದ ಹೊಲ ರಸ್ತೆಗೆ ಹೋದ ದಿನದಿಂದ ತಾವು ಮೊಹರು ಬಿದ್ದ ಯಾವ ಕಾಗದವನ್ನೂ ಬಿಸಾಡಿದವರಲ್ಲ. ಹಳೇ ಕರೆಂಟ್ ಬಿಲ್ಲನ್ನೂ ಮುನೇಶ್ವರನ ಪಟದ ಹಿಂದೆ ಸಿಕ್ಕಿಸಿ ಕೈಮುಗಿಯುತ್ತೀರಿ. ನಾನೋ ದಿನವಿಡೀ ಪರರ ಅರ್ಜಿ ಬರೆಯುವವಳು. ಕಾರ್ಖಾನೆ ಮುಂದೆ ಚರಂಡಿ ಕಟ್ಟಿಕೊಂಡರೆ ಆಶಾರಾಣಿ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆಶಾರಾಣಿ, ಬೀದಿನಾಯಿ ವಾಚ್‌ಮನ್ನನ್ನು ಕಚ್ಚಿದರೂ ಆಶಾರಾಣಿ. ಊರಿನ ಸಂಕಟವನ್ನೆಲ್ಲ "ಆದ್ದರಿಂದ ತಾವು ದಯಮಾಡಿ" ಎಂದು ಮುಗಿಸಿದವಳು ತನ್ನದನ್ನೊಂದು ಬರೆಯಲಾರದೆ ಸತ್ತಳು ಎನ್ನಿಸಿಕೊಳ್ಳಲು ನಾನು ತಯಾರಿಲ್ಲ.

ತಾವು ನಾಲ್ಕನೇ ಕ್ಲಾಸಿನವರೆಗೆ ಓದಿದ್ದೀರಿ. ಬೆರಳಿಟ್ಟುಕೊಂಡು ಲಗ್ನಪತ್ರಿಕೆಯನ್ನು ಛತ್ರದ ವಿಳಾಸದವರೆಗೂ ಓದುತ್ತೀರಿ. ಇದನ್ನೂ ಹಾಗೆಯೇ ತಾವೇ ಓದತಕ್ಕದ್ದು. ಮಗನ ಕೈಯಲ್ಲಿ ಓದಿಸಿದರೆ ಅವರಿಗೆ ಬೇಕಾದ ಸಾಲು ಮಾತ್ರ ತಮ್ಮ ಕಿವಿಗೆ ಬೀಳುತ್ತದೆ.

1. ಸದರಿ ಹೊರಗಿನ ಕೋಣೆಯು ಕೊಟ್ಟಿಗೆಗೆ ಅಂಟಿಕೊಂಡಿದ್ದು, ಒಂದು ಬಾಗಿಲು, ಕೈ ತೂರುವಷ್ಟು ಕಿಟಕಿ ಮತ್ತು ಬಾಗಿಲಿನ ಹೊರಭಾಗದಲ್ಲಿ ಮಾತ್ರ ಒಂದು ಚಿಲಕ ಹೊಂದಿರುತ್ತದೆ. ಮನೆಯ ಹೆಂಗಸರು ಮುಟ್ಟಾದ ಮೂರು ದಿನ ಅಲ್ಲಿ ಕೂರತಕ್ಕದ್ದು ಎಂಬುದು ತಮ್ಮ ಅತ್ತೆಯವರ ಕಾಲದ ಆದೇಶ. ನಾನು ಚಂದಾಪುರದಿಂದ ಮದುವೆಯಾಗಿ ಬಂದ ಮೊದಲ ತಿಂಗಳೇ ತಾವು ಚಾಪೆ, ತಟ್ಟೆ, ಚೊಂಬು ತಂದು ನನ್ನ ಮುಂದಿಟ್ಟಿರಿ.

"ನಾನು ಅಲ್ಲಿ ಕೂರಲ್ಲ ಅತ್ತೆ" ಅಂದೆ.

"ನಮ್ಮನೇಲಿ ಇಂಗೇ ನಡ್ಕೊಂಡ್ ಬಂದೈತೆ" ಅಂದಿರಿ.

"ನಡ್ಕೊಂಡು ಬಂದಿದ್ದು ಇಲ್ಲಿಗೆ ನಿಂತ್ಕೊಳ್ಳಲಿ" ಅಂದೆ.

ತಮ್ಮ ಮಗ ನನ್ನ ಪಕ್ಷ ವಹಿಸಿ, "ಈಗೆಲ್ಲಾ ಯಾರಮ್ಮಾ ಇದನ್ನ ನೋಡ್ತಾರೆ" ಎಂದು, ಆ ಸಂಜೆಯೇ ಸ್ನೇಹಿತರಿಗೆಲ್ಲ ಫೋನು ಮಾಡಿ ತಾನೆಂಥಾ ಸುಧಾರಕ ಎಂಬುದನ್ನು ಹೇಳಿಕೊಂಡರು. ಕೋಣೆಗೆ ಬೀಗ ಬಿತ್ತು. ಅಂದು ಆಡಿದ ಮಾತಿಗೆ ನಾನು ಇಂದಿಗೂ ಬದ್ಧಳಾಗಿದ್ದೇನೆ ಎಂಬುದನ್ನು ತಾವು ಈ ಅರ್ಜಿ ಮುಗಿಯುವವರೆಗೆ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

2. ಮೈಲಿಗೆ ಹೋಯಿತು ಎಂದುಕೊಂಡೆ. ಹೋಗಿರಲಿಲ್ಲ, ವರ್ಗಾವಣೆ ಆಗಿತ್ತು. ಮೊದಮೊದಲು ಆ ದಿನಗಳಲ್ಲಿ ನಾನು ಮುಟ್ಟಿದ್ದನ್ನು ತಾವು ತಿನ್ನುತ್ತಿರಲಿಲ್ಲ, ತಾವೇ ಒಲೆ ಮುಂದೆ ನಿಂತಿರಿ. ಆಮೇಲೆ ತಮ್ಮ ಮಂಡಿ ಹಿಡಿದುಕೊಂಡಿತು. ಮಂಡಿ ಹಿಡಿದುಕೊಂಡ ವಾರವೇ ಶಾಸ್ತ್ರ ಸಡಿಲವಾಯಿತು. "ಬೆಂಕಿ ಮುಂದೆ ಯಾವ್ ಮೈಲ್ಗೆ ಬಿಡಮ್ಮ" ಎಂದು ಅಪ್ಪಣೆಯಾಯಿತು. ದೇವರಮನೆಗೆ ಮಾತ್ರ ಇಂದಿಗೂ ಪ್ರವೇಶವಿಲ್ಲ. ಅಂದರೆ ದೀಪ ಹಚ್ಚಲು ಹೋದರೆ ನಾನು ಮೈಲಿಗೆ, ಮುದ್ದೆ ತಿರುವಲು ನಿಂತರೆ ಮಡಿ. ಹಿಂದಿನವರಿಗೆ ಅವಮಾನ ಮತ್ತು ವಿಶ್ರಾಂತಿ ಎರಡೂ ಒಟ್ಟಿಗೆ ಸಿಗುತ್ತಿದ್ದವು. ನನ್ನ ಕಾಲಕ್ಕೆ ವಿಶ್ರಾಂತಿಯನ್ನು ಕಡಿತಗೊಳಿಸಿ ಅವಮಾನವನ್ನು ಮಾತ್ರ ಮುಂದುವರಿಸಲಾಗಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಯಾವ ಕಚೇರಿಯಲ್ಲಿ ಬಾಕಿ ಉಳಿದಿದೆಯೋ ತಿಳಿಯದು.

3. ಎರಡು ವರ್ಷದಿಂದ ನನಗೆ ಮುಟ್ಟಿನ ಮೊದಲ ದಿನಗಳಲ್ಲಿ ರಕ್ತ ವಿಪರೀತ ಹೋಗುತ್ತಿದೆ. ಗರ್ಭಕೋಶದಲ್ಲಿ ಗಡ್ಡೆ ಇದೆ, ಮೈಯಲ್ಲಿ ರಕ್ತ ಇಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ತಾವೂ ಕೇಳಿದ್ದೀರಿ. ಆಪರೇಷನ್ ಮಾಡಬೇಕೋ ಬೇಡವೋ ಮಾತ್ರೆ ಕೊಟ್ಟು ನೋಡೋಣ, ಅಲ್ಲಿಯವರೆಗೆ ಆ ಮೂರು ದಿನ ಮಲಗಿರಲೇಬೇಕು ಎಂದರು.

"ಮಲಗ್ತೀರಿ ತಾನೇ?" ಎಂದು ಕೇಳಿದರು. ನನಗೆ ನಗು ಬಂತು.

"ನಗೋ ವಿಷಯ ಅಲ್ಲ ಇದು. ಹೋದ್ ತಿಂಗಳು ಆಫೀಸಲ್ಲಿ ಬಿದ್ರಿ. ಮುಂದಿನ್ ಸಲ ರಸ್ತೆ ದಾಟುವಾಗ ಬೀಳ್ತೀರಿ."

"ಎಲ್ಲಿ ಮಲಗ್ಲಿ ಮೇಡಂ?"

ಅವರು ಚೀಟಿಯಲ್ಲಿ "ವಿಶ್ರಾಂತಿ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಮಾತ್ರೆಗಳು ಸಿಕ್ಕವು. ಆ ಗೆರೆ ಎಳೆದದ್ದು ಮಾತ್ರ ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗಲಿಲ್ಲ.

4. "ರೂಮಿಲ್ವಾ ನಿಂಗೆ" ಎಂದು ತಾವು ಕೇಳಬಹುದು. ಇದೆ. ಆ ರೂಮಿನಲ್ಲಿ ನೀರಿನ ಮೋಟಾರಿನ ಸ್ವಿಚ್ಚಿದೆ, ಬಾಡಿಗೆ ಮನೆಗಳ ಬೀಗದ ಕೈ ಇದೆ, ತಮ್ಮ ಮಗನ ಬೀರು ಇದೆ. ಬಾಗಿಲು ಹಾಕಿದರೆ "ಯಾಕೆ, ಏನಾಯ್ತು" ಎಂದು ಇಡೀ ಮನೆ ಬಂದು ಬಡಿಯುತ್ತದೆ. ಸರ್ಕಾರದವರು ತಿಂಗಳಿಗೊಂದು ದಿನ ಮುಟ್ಟಿನ ರಜೆ ಎಂದಾಗ ಸಂಘದ ಕಾರ್ಯದರ್ಶಿ ಪರಮಾನಂದ ಅವರು ತಕರಾರಿಲ್ಲದೆ ಸಹಿ ಹಾಕಿದರು. ಮೊದಲ ರಜೆಯ ದಿನ ಮಲಗಿದೆ. ಮೂರನೇ ಮಹಡಿಯ ಬಾಡಿಗೆ ಹುಡುಗರು "ಆಂಟಿ, ನಲ್ಲೀಲಿ ನೀರಿಲ್ಲ" ಎಂದು ಬಂದರು. ಟ್ಯಾಂಕರಿನವನು ಪೈಪು ಹಿಡಿಯಲು ಕರೆದ. ಹನ್ನೊಂದು ಗಂಟೆಗೆ ತಮ್ಮ ತಂಗಿ ಮರೆವ್ವನವರು ಚೀಲ ಹಿಡಿದು ಒಳಗೆ ಬಂದರು.

"ಆಸಾ ಮನೇಲವ್ಳೆ ಅಂತ ಗೊತ್ತಾತು, ಅದ್ಕೇ ಬಂದೆ. ಒತ್ತು ಶ್ಯಾವ್ಗೆ ತಿಂದು ಎಷ್ಟ್ ದಿನ ಆಗಿತ್ತು."

ತಮ್ಮ ಮಗ "ಹೆಂಗೂ ರಜಾ ಅಲ್ವಾ" ಎಂದರು. ರಕ್ತ ಹೋಗುವವಳು ಶ್ಯಾವಿಗೆ ಒರಳಿನ ಮೇಲೆ ಭಾರ ಬಿಟ್ಟು ಒತ್ತಿದೆ. ರಜೆ ನನ್ನದು, ಅನುಭವಿಸಿದವರು ಮಿಕ್ಕವರೆಲ್ಲ.

5. ಹೀಗಿರುವಾಗ ಸೌಮ್ಯಾ ಮೇಡಂ ಅವರ ಪ್ರವೇಶವಾಯಿತು. ದಾವಣಗೆರೆ ಕಡೆಯ ಅನುಕೂಲಸ್ಥ ಮನೆತನ, ವೈಟ್‌ಫೀಲ್ಡಿನಲ್ಲಿ ಅಪಾರ್ಟ್‌ಮೆಂಟು. ಮೊದಲು ಕಂಪನಿಯೊಂದರಲ್ಲಿ ಜನರನ್ನು ಕೆಲಸದಿಂದ ತೆಗೆಯುವ ಕೆಲಸದಲ್ಲಿದ್ದವರು, ಅದರಿಂದ ಬಹಳ ದಣಿದು, ಈಗ ಹೆಂಗಸರ ಒಳಗಿನ ಅರಿವನ್ನು ಎಬ್ಬಿಸುವ ಕೆಲಸ ಹಿಡಿದಿದ್ದಾರೆ. ಹೆಣ್ಣು ತನ್ನ ತಿಂಗಳ ದಿನಗಳಲ್ಲಿ ಲೋಕದಿಂದ ದೂರ ಕೂತು, ವಿಶ್ರಮಿಸಿ, ತನ್ನನ್ನು ತಾನೇ ಪೋಷಿಸಿಕೊಂಡರೆ ಒಳಗಿರುವ ಜ್ಞಾನ ತಾನಾಗಿ ಮಾತಾಡುತ್ತದಂತೆ. ಅದಕ್ಕೊಂದು ಹಳೇ ಜಾಗ ಹುಡುಕುತ್ತಿದ್ದರು. ಹೊರಗಿನ ಕೋಣೆಯ ಬೀಗ ತೆಗೆಸಿ ಒಳಗೆ ಕಾಲಿಟ್ಟವರು ಎದೆ ಮೇಲೆ ಕೈ ಇಟ್ಟುಕೊಂಡರು.

"ಎಷ್ಟ್ ಶಾಂತ ಅದ ನೋಡ್ರಿ ಇಲ್ಲಿ. ಎಷ್ಟು ತಲೆಮಾರಿನ ಹೆಣ್ಣುಮಕ್ಕಳ ಎನರ್ಜಿ."

"ಒಳ್ಳೆ ಜಾಗ ಮೇಡಂ, ಗಾಳಿ ಬರುತ್ತೆ" ಎಂದರು ತಮ್ಮ ಮಗ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾಯಮಾನ. ಮುಂದಿನ ವಾರಕ್ಕೆ ಕರಾರಾಯಿತು, ಖಾತೆ ತಮ್ಮದಾದ್ದರಿಂದ ತಾವು ಸಹಿ ಹಾಕಿದಿರಿ. ಸಿಮೆಂಟು ನೆಲ ಕಿತ್ತು ಮಣ್ಣು ಹಾಕಿಸಿದರು. ದನ ಮಾರಿ ಎಷ್ಟೋ ಕಾಲವಾದ ನಮ್ಮ ಕೊಟ್ಟಿಗೆಗೆ ಆನ್‌ಲೈನಿನಲ್ಲಿ ಸಗಣಿ ಬಂತು. ಒಳಗಡೆ ಒಂದು ಚಿಲಕ ಹಾಕಿಕೊಡಲೇ ಎಂದು ಬಡಗಿ ಕೇಳಿದ್ದಕ್ಕೆ "ಬ್ಯಾಡ್ರಿ, ಬಾಗಿಲು ಹಳೇದು ಹೆಂಗದನೋ ಹಂಗ ಇರಲಿ" ಎಂದರು. ಹೊರಗೆ "ಋತುಮನೆ" ಎಂಬ ಫಲಕ ಬಂತು. ಪಕ್ಕದಲ್ಲಿ ನಿಯಮಗಳು: ಅಡುಗೆಮನೆಗೆ ಹೋಗಬೇಡಿ. ಯಾರನ್ನೂ ಮುಟ್ಟಬೇಡಿ, ನಿಮ್ಮ ಶಕ್ತಿ ನಿಮ್ಮಲ್ಲೇ ಇರಲಿ. ನಿಮ್ಮ ಚಾಪೆ, ತಟ್ಟೆ, ಲೋಟ ಬೇರೆಯೇ ಇರಲಿ. ಮೂರು ದಿನ ಹೊಸ್ತಿಲು ದಾಟಬೇಡಿ.

ತಾವು ಬೆರಳಿಟ್ಟುಕೊಂಡು ಅದನ್ನು ಕೊನೆಯವರೆಗೂ ಓದಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಇದ್ನೇ ಕಣಮ್ಮ ನಮ್ಮತ್ತೆ ಬೈದು ಏಳ್ತಿದ್ಲು. ಇವ್ರು ನಕ್ಕಂಡ್ ಏಳ್ತವ್ರೆ."

6. ಸದರಿ ಕೋಣೆಯಲ್ಲಿ ಸೌಮ್ಯಾ ಮೇಡಂ ದೇವಿಯ ಪಟವನ್ನೂ ಇಟ್ಟು ಊದುಬತ್ತಿ ಹಚ್ಚಿದ್ದಾರೆ. ಹಜಾರದಾಚೆಯ ದೇವರು ಆ ದಿನಗಳಲ್ಲಿ ನನ್ನ ಮುಖ ನೋಡುವಂತಿಲ್ಲ. ಕೊಟ್ಟಿಗೆಯ ದೇವಿ ಆ ದಿನಗಳಲ್ಲೇ ಬಾ ಅನ್ನುತ್ತಾಳೆ. ಎರಡೂ ಒಂದೇ ಕಾಂಪೌಂಡಿನೊಳಗೆ. ದೇವರುಗಳು ಪರಸ್ಪರ ಪತ್ರವ್ಯವಹಾರ ನಡೆಸಿದಂತೆ ಕಾಣುವುದಿಲ್ಲ.

7. ಅಲ್ಲಿ ಮೇಡಂ ನಡೆಸುವ ಮೂರು ದಿನದ ಶಿಬಿರಕ್ಕೆ ಬರುವವರ ಪೋಷಣೆಗೆ ರಾಗಿ ಗಂಜಿ ಬೇಕಾಯಿತು. "ನಮ್ಮನೇಲೇ ಮಾಡ್ಕೊಡ್ತೀವಿ ಬಿಡಿ ಮೇಡಂ" ಎಂದು ತಮ್ಮ ಮಗ ಒಪ್ಪಿಕೊಂಡರು. ಕನ್ನಡದಲ್ಲಿ "ಮಾಡ್ಕೊಡ್ತೀವಿ" ಎಂದು ಗಂಡಸು ಅಂದರೆ ಮಾಡುವವರು ಯಾರು ಎಂದು ವಿವರಿಸುವ ಅಗತ್ಯವಿಲ್ಲ. ಶಿಬಿರ ಇದ್ದ ದಿನ ನಾನು ಬೆಳಗ್ಗೆ ಮಗಳು ದೀಪುವಿನ ಡಬ್ಬಿ ಕಟ್ಟಿ, ತಮ್ಮೆಲ್ಲರ ತಿಂಡಿ ಮುಗಿಸಿ, ದೊಡ್ಡ ಪಾತ್ರೆ ತುಂಬ ಗಂಜಿ ಕಾಸಿ ಆಫೀಸಿಗೆ ಓಡುತ್ತಿದ್ದೆ. ಫಲಕದಲ್ಲಿ ಅದಕ್ಕೆ "ಸ್ವ-ಪೋಷಣೆ" ಎಂದು ಹೆಸರಿಟ್ಟಿದ್ದರು.

8. ಪ್ರತಿ ವರ್ಷ ಮಹಿಳಾ ದಿನಕ್ಕೆ ನಮ್ಮ ಸಂಘದಲ್ಲಿ ಒಂದು ಗುಲಾಬಿ, ಒಂದು ನೀರಿನ ಬಾಟಲಿ ಕೊಡುವ ಪದ್ಧತಿ. ಈ ವರ್ಷ ನಾನು ಆಫೀಸಿನಲ್ಲಿ ಬಿದ್ದದ್ದನ್ನು ಕಂಡಿದ್ದ ಪರಮಾನಂದ ಸಾರ್ ಒಂದು ಪಾಸು ತಂದುಕೊಟ್ಟರು.

"ನಮ್ಮ ಮಿಸೆಸ್ ಹೋಗಿದ್ರಮ್ಮ, ತುಂಬಾ ಚೆನ್ನಾಗಿದೆಯಂತೆ. ಮೂರು ದಿನ ಸುಮ್ನೆ ಮಲಗಿಸ್ತಾರಂತೆ. ಹೋ‍ಗಿಬನ್ನಿ."

ಪಾಸಿನ ಹಿಂದೆ ನಕ್ಷೆ ಇತ್ತು. ರಿಂಗ್ ರೋಡು, ಊರ ಬಾಗಿಲು, ಅರಳಿಕಟ್ಟೆ, ನಮ್ಮ ಮನೆ. ನನ್ನದೇ ಮನೆಯ ಕಾಂಪೌಂಡಿನಲ್ಲಿ ಮೈ ಚಾಚಲು ನನಗೆ ಪಾಸು ಬೇಕಾಯಿತು. ಆ ತಿಂಗಳ ನನ್ನ ದಿನಗಳೂ ಸರಿಯಾಗಿ ಶಿಬಿರದ ದಿನಗಳಲ್ಲೇ ಬಿದ್ದವು. ಆದಕಾರಣ ಶುಕ್ರವಾರ ಬೆಳಗ್ಗೆ ಎಂದಿನಂತೆ ಗಂಜಿ ಕಾಸಿಟ್ಟು, ಆಫೀಸಿನ ಟ್ರೈನಿಂಗ್ ಎಂದು ಮನೆಯಲ್ಲಿ ಹೇಳಿ, ಮುಂದಿನ ಗೇಟಿನಿಂದ ಹೊರಬಿದ್ದು, ಬೀದಿ ಸುತ್ತಿ, ಹಿಂದಿನ ಗೇಟಿನಿಂದ ಕೊಟ್ಟಿಗೆ ಸೇರಿದೆ.

9. ಅಲ್ಲಿ ಹತ್ತು ಹನ್ನೆರಡು ಜನ ಹೆಂಗಸರಿದ್ದರು, ಎಲ್ಲರೂ ಎತ್ತರದ ಕಟ್ಟಡಗಳಿಂದ ಬಂದವರು. ಸಾಲಾಗಿ ಚಾಪೆ ಹಾಸಿತ್ತು. ಕಣ್ಣ ಮೇಲೆ ತೆಳು ಬಟ್ಟೆ ಹಾಕಿದರು. ಸೌಮ್ಯಾ ಮೇಡಂ ಮೆಲ್ಲನೆ ಶುರು ಮಾಡಿದರು. "ಇವತ್ತು ಲೋಕಕ್ಕ ನಿಮ್ಮಿಂದ ಏನೂ ಬ್ಯಾಡ. ನೀವು ಯಾರ ಹೆಂಡ್ತಿನೂ ಅಲ್ಲ, ಯಾರ ಸೊಸಿನೂ ಅಲ್ಲ. ಸುಮ್ಮನ ಮಲಗ್ರಿ."

ಈ ಅರ್ಜಿಯಲ್ಲಿ ನಾನು ಯಾರನ್ನೂ ಬಿಡದೆ ಬೈಯುತ್ತಿರುವುದು ನಿಜವಾದರೂ ಒಂದನ್ನು ದಾಖಲಿಸುವುದು ನ್ಯಾಯ. ಅಂಥಾ ಮಾತನ್ನು ನನಗೆ ಹೆತ್ತವರೂ ಹೇಳಿರಲಿಲ್ಲ. ಮಣ್ಣಿನ ನೆಲ ತಣ್ಣಗಿತ್ತು. ಹೊಟ್ಟೆಯ ನೋವು ನಿಧಾನ ಇಳಿಯಿತು. ನಾನು ನಿದ್ದೆ ಹೋದೆ.

ಕಿವಿಯ ಪಕ್ಕದಲ್ಲಿ ಕಂಚಿನ ಬಟ್ಟಲು ಢಣ್ಣೆಂದಿತು.

"ಆಶಾ ಅವ್ರೇ, ನಿದ್ದಿ ಮಾಡಬ್ಯಾಡ್ರಿ. ವಿಶ್ರಾಂತಿ ಬ್ಯಾರೆ, ನಿದ್ದಿ ಬ್ಯಾರೆ. ಎಚ್ಚರ ಇದ್ದು ವಿಶ್ರಾಂತಿ ತಗೋಬೇಕು. ನಿಮ್ಮ ಗೊರಕಿಯಿಂದ ಉಳಿದವರಿಗೆ ಒಳದನಿ ಕೇಳಸವಲ್ಲದು."

ಎಚ್ಚರವಾಗಿ ವಿಶ್ರಾಂತಿ ಪಡೆಯಲು ನಾನು ಪ್ರಯತ್ನಿಸುತ್ತಿರುವಾಗಲೇ ಹೊರಗಿನ ಚಿಲಕ ಸದ್ದಾಗಿ ಬಾಗಿಲು ತೆರೆಯಿತು. ಗಂಡಸರಿಗೆ ಪ್ರವೇಶವಿಲ್ಲ ಎಂಬ ನಿಯಮ ಮನೆ ಮಾಲೀಕರಿಗೆ ಅನ್ವಯಿಸುವುದಿಲ್ಲವಾದ್ದರಿಂದ ತಮ್ಮ ಮಗ ನಿಂತಿದ್ದರು. ಗಂಜಿಯ ಸಂಗತಿ ಹೇಳಲು ಮೇಡಂ ಅವರನ್ನು ಹುಡುಕಿಕೊಂಡು ಬಂದವರಿಗೆ ಚಾಪೆಯ ಮೇಲೆ ಹೆಂಡತಿ ಕಂಡಳು.

"ಏ ಆಶಾ, ಇಲ್ಲಿದೀಯಾ? ಒಳ್ಳೇದಾಯ್ತು ಬಿಡು. ಗಂಜಿ ಗಟ್ಟಿ ಆಗಿ ಮುದ್ದೆ ಥರ ಆಗ್ಬಿಟ್ಟಿದೆ. ಬಂದು ಒಂಚೂರು ನೀರು ಹಾಕ್ಬಾ."

ಟ್ರೈನಿಂಗ್ ಎಂದು ಸುಳ್ಳು ಹೇಳಿದ್ದೇಕೆ ಎಂದು ಕೇಳಲಿಲ್ಲ. ಮೈ ಹುಷಾರಿಲ್ಲವಾ ಎಂದೂ ಕೇಳಲಿಲ್ಲ. ಗಂಜಿಗೆ ನೀರು ಹಾಕುವುದು ಹೇಗೆಂದು ಇಷ್ಟು ವಯಸ್ಸಾದರೂ ತಿಳಿಯದ ಮನುಷ್ಯ ಹನ್ನೆರಡು ಜನ ಹೆಂಗಸರು ಮಲಗಿರುವ ಕೋಣೆಯ ಬಾಗಿಲು ತೆಗೆದು ನಿಂತಿದ್ದರು. ನಾನು ಸೌಮ್ಯಾ ಮೇಡಂ ಮುಖ ನೋಡಿದೆ. ಇವರಾದರೂ "ಇವತ್ತು ಅವರು ಯಾರ ಹೆಂಡತಿಯೂ ಅಲ್ಲ" ಎನ್ನುತ್ತಾರೆ ಎಂದು ಕಾದೆ.

"ಹೋಗಿ ಬರ್ರಿ" ಎಂದರು. "ನಿಮ್ಮೊಳಗಿನ ಪೋಷಕಿ ಕರೀಲಿಕ್ಕತ್ತಾಳ."

ಎದ್ದೆ. ನೀರು ಕಾಸಿ, ಗಂಟು ಒಡೆದು, ಉಪ್ಪು ನೋಡಿ, ಮಜ್ಜಿಗೆ ಬೆರೆಸಿ, ಪಾತ್ರೆ ಹೊತ್ತು ತಂದೆ. ಕೈತೊಳೆದು ಮತ್ತೆ ಚಾಪೆಯ ಮೇಲೆ ಕೂತೆ. ನನ್ನ ಲೋಟವೂ ಬಂತು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಯಾರೂ ಇಷ್ಟು ಅಕ್ಷರಶಃ ಜಾರಿಗೆ ತಂದಿರಲಿಕ್ಕಿಲ್ಲ. ಈ ಗಂಜಿ ಬೇಯಿಸಿದ ಕೈಯನ್ನು ಮನಸ್ಸಿನಲ್ಲಿ ಕಾಣಿರಿ ಎಂದು ಮೇಡಂ ಹೇಳಿದರು. ಎಲ್ಲರೂ ಕಣ್ಣು ಮುಚ್ಚಿದರು. ಒಬ್ಬರಿಗೆ ಅಜ್ಜಿ ಕಂಡರು, ಒಬ್ಬರಿಗೆ ಭೂಮಿತಾಯಿ ಕಂಡಳು. ಪಕ್ಕದಲ್ಲೇ ಹಬೆ ತಾಗಿದ ಹೆಬ್ಬೆರಳು ಊದಿಕೊಳ್ಳುತ್ತಾ ಕೂತಿದ್ದ ನಾನು ಯಾರಿಗೂ ಕಾಣಲಿಲ್ಲ.

ಆಗ ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಮೇಡಂ ಬಂದು ಬೆನ್ನು ಸವರಿ, "ಬರಲಿ, ತಡೀಬ್ಯಾಡ್ರಿ, ಏಳು ತಲಿಮಾರಿನ ನೋವದು" ಎಂದರು. ಅದು ಏಳು ತಲೆಮಾರಿನದಲ್ಲ, ಸೊಂಟದ್ದು. ಸದರಿ ಅಳುವಿಗಾಗಿ ನನಗೆ "ಉತ್ತಮ ಜಾಗೃತಿ" ಎಂಬ ಪ್ರಮಾಣಪತ್ರ ದೊರೆತಿದ್ದು, ಅದನ್ನು ಲಗತ್ತಿಸಿದೆ.

10. ಶನಿವಾರ ತಮ್ಮನ್ನು ಶಾಲು ಹೊದಿಸಿ ಕರೆತಂದರು. ಹಿರಿಯ ಜೀವದ ಅನುಭವ ಕೇಳೋಣ ಎಂದು ಕುರ್ಚಿ ಹಾಕಿದರು. ತಾವು ಬರುವಾಗ ನಾನು ಮತ್ತೆ ನಿದ್ದೆ ಹೋಗಿದ್ದೆನಂತೆ. ಬಟ್ಟಲು ಬಾರಿಸಿ ಎಬ್ಬಿಸಿದಾಗ ತಾವು ನನ್ನನ್ನೇ ನೋಡುತ್ತಾ ಬಾಗಿಲಲ್ಲಿ ನಿಂತಿದ್ದಿರಿ.

ತಾವು ಮಾತಾಡಿದ್ದನ್ನು ತಾವೇ ಮರೆಯದಿರಲಿ ಎಂದು ಇಲ್ಲಿ ಉದ್ಧರಿಸುತ್ತಿದ್ದೇನೆ. "ಅನ್ನ ಮ್ಯಾಲಿಂದ ಆಕೋರು, ನಾಯಿಗ್ ಆಕ್ದಂಗೆ. ನೀರು ಬೊಗ್ಸೇಗೆ ಉಯ್ಯೋರು. ನಮ್ಮತ್ತೆ ಆಚೆಯಿಂದ ಚಿಲ್ಕ ಆಕ್ಕೊಂಡ್ ಓಗೋಳು, ನಾಯಿ ಬರ್ದಂಗೆ ಅಂತ. ಒಂದ್ ಕಿತ ಜ್ವರ ಬಂದು ಬಾಗ್ಲು ಬಡ್ದೆ. ಬೆಳಕರಿಯೋವರ್ಗೂ ಯಾರೂ ತೆಗೀಲಿಲ್ಲ."

ಕೋಣೆ ತುಂಬ ನಿಟ್ಟುಸಿರು. ಚಪ್ಪಾಳೆ ಬಿತ್ತು. ಒಬ್ಬರು ಮುಂದೆ ಬಾಗಿ, "ಆ ಏಕಾಂತದಲ್ಲಿ ನಿಮ್ಗೆ ಒಳಗಿಂದ ಏನು ಬಂತು ಅಜ್ಜಿ?" ಎಂದು ಕೇಳಿದರು.

"ಒಳಗಿಂದೇನೂ ಬರ್ಲಿಲ್ಲ. ಕಿಟ್ಕಿಯಿಂದ ಸೊಳ್ಳೆ ಬಂತು ಕಣಮ್ಮ" ಎಂದಿರಿ.

ಅದಕ್ಕೂ ಚಪ್ಪಾಳೆ ಬಿತ್ತು. ಇಬ್ಬರು ಅದನ್ನು ಬರೆದುಕೊಂಡರು.

11. ಆಮೇಲೆ ನಾನು ಗಂಜಿ ಪಾತ್ರೆ ತೊಳೆಯಲು ಬಂದಾಗ ತಾವು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಒಲೆ ಮುಂದೆ ಕೂತಿರಿ. ಆ ದಿನ ನಾನು ಹೊರಗಾಗಿದ್ದೆ ಎಂಬುದು ತಿಳಿದೂ ನನ್ನ ಕೈ ಹಿಡಿದುಕೊಂಡಿರಿ. ಹೇಳಿದ್ದು ಇಷ್ಟು:

"ಆಸಾ, ಆ ಕೋಣೆ ಸುಟ್ಟೋಗ್ಲಿ ಅಂತ ಎಷ್ಟ್ ಕಿತ ಸಾಪ ಆಕಿದೀನೋ. ಆದ್ರೆ ಈ ಮನೇಲಿ ಅಗ್ಲೊತ್ತು ನಾನ್ ಮೈ ಚಾಚಿದ್ದು ಅಂದ್ರೆ ಅದೊಂದ್ರಲ್ಲೇ. ನೀ ಬಂದು ಕೂರಲ್ಲ ಅಂದಾಗ ಒಟ್ಟೆ ಉರ್ದೋತು. ನಾನ್ಯಾಕೆ ಅಂಗ್ ಅನ್ಲಿಲ್ಲ ಅಂತ. ಇವತ್ತು ನೀನಲ್ಲಿ ಎಳೇಕೂಸು ಮಲ್ಗಿದಂಗ್ ಮಲ್ಗಿದ್ದೆ. ಎಬ್ಬುಸ್ಬುಟ್ರಲ್ಲ ಮುಂಡೇವು."

ಆಗ ಬಾಗಿಲಲ್ಲಿ ತಮ್ಮ ಮಗ, "ಏನಮ್ಮಾ ಅತ್ತೆ ಸೊಸೆ ಗುಸುಗುಸು" ಎಂದರು. "ಗಂಡಸ್ಗ್ಯಾಕೋ ಗೌರಿ ದುಃಖ, ಓಗೋ ಅತ್ಲಾಗೆ" ಎಂದು ತಾವು ಅಟ್ಟಿದಿರಿ. ನನಗೆ ಧೈರ್ಯ ಬಂತು. ಇನ್ನು ಕೋಣೆ ನನ್ನದೇ ಎಂದುಕೊಂಡೆ.

12. ಆದರೆ ಭಾನುವಾರ ಸಂಜೆ ಸೌಮ್ಯಾ ಮೇಡಂ ಹಣ್ಣಿನ ಬುಟ್ಟಿ ಹಿಡಿದು ಜಗಲಿಗೆ ಬಂದರು. ಕರಾರು ಐದು ವರ್ಷಕ್ಕೆ ಮುಂದುವರಿಸುವುದಾಗಿಯೂ, ಫಲಕದಲ್ಲಿ ತಮ್ಮ ಫೋಟೋ ಹಾಕಿ ಕೆಳಗೆ "ಋತುಮಾತೆ ಭದ್ರಮ್ಮ" ಎಂದು ಬರೆಸುವುದಾಗಿಯೂ ಹೇಳಿದರು. ತಮ್ಮ ಮಗ "ಮುಂದಿನ ಸೋಮವಾರ ಒಳ್ಳೆ ದಿನ ಅಮ್ಮ" ಎಂದರು. ತಾವು ನನ್ನ ಕಡೆ ನೋಡದೆ, "ಆಗ್ಲಿ ಮಗ" ಎಂದಿರಿ. ನಾನು ಅಲ್ಲೇ ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

ಹೆಂಗಸರು ಒಲೆ ಮುಂದೆ ಆಡಿದ್ದು ಒಲೆ ಆರುವುದರೊಳಗೆ ಆರಿಹೋಗುತ್ತದೆ. ಅದಕ್ಕೇ ಈ ಕಾಗದ.

ಅತ್ತೆ, ಬೈಯುವುದು ಬಿಟ್ಟು ಒಂದು ಮಾತು ನೇರ ಹೇಳುತ್ತೇನೆ. ನನಗೆ ಹೆದರಿಕೆಯಾಗುತ್ತದೆ. ಅಂದು ಆಫೀಸಿನಲ್ಲಿ ಬಿದ್ದಾಗ ಕಣ್ಣು ಕತ್ತಲಾಗುವ ಮುಂಚೆ ನೆನಪಾದದ್ದು ದೀಪುವೂ ಅಲ್ಲ, ತಮ್ಮ ಮಗನೂ ಅಲ್ಲ. ಸದ್ಯ, ಇನ್ನು ಸ್ವಲ್ಪ ಹೊತ್ತು ಯಾರೂ ಎಬ್ಬಿಸುವುದಿಲ್ಲ ಎಂದು ಅನ್ನಿಸಿತು. ಅದು ಸಮಾಧಾನದಂತೆ ಅನ್ನಿಸಿದ್ದೇ ನನಗೆ ಹೆದರಿಕೆ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಿಗಣಿಸಿ, ಸೋಮವಾರದ ಕರಾರಿಗೆ ತಾವು ಸಹಿ ಹಾಕದೆ, ಸದರಿ ಕೋಣೆಯನ್ನು ಈ ಕೆಳಕಂಡ ಷರತ್ತುಗಳಿಗೆ ಒಳಪಟ್ಟು ನನಗೆ ಮಂಜೂರು ಮಾಡಬೇಕಾಗಿ ವಿನಂತಿ.

(ಅ) ನಾನು ಅಲ್ಲಿ ಕೂರುವುದಿಲ್ಲ. ಈ ಬಗ್ಗೆ ಮೊದಲೇ ತಿಳಿಸಿರುತ್ತೇನೆ. ಮಲಗುತ್ತೇನೆ.

(ಆ) ನಾನು ಆ ದಿನಗಳಲ್ಲಿ ಯಾರನ್ನು ಬೇಕಾದರೂ ಮುಟ್ಟುತ್ತೇನೆ. ಅನ್ನವನ್ನು ಮೇಲಿಂದ ಹಾಕತಕ್ಕದ್ದಲ್ಲ, ಬಡಿಸತಕ್ಕದ್ದು.

(ಇ) ನನ್ನೊಳಗಿನ ಜ್ಞಾನಕ್ಕೆ ಹೇಳುವುದೇನಾದರೂ ಇದ್ದರೆ ನಾನು ಎದ್ದ ಮೇಲೆ ಹೇಳತಕ್ಕದ್ದು. ಕಂಚಿನ ಬಟ್ಟಲಿಗೆ ಅವಕಾಶವಿಲ್ಲ.

(ಈ) ಗಂಜಿಗೆ ನೀರು ಹಾಕುವುದನ್ನು ತಮ್ಮ ಮಗನಿಗೆ ತಾವೇ ಹೇಳಿಕೊಡಬೇಕು. ನಾನು ಹೇಳಿದರೆ ಜಗಳ ಅನ್ನುತ್ತಾರೆ.

(ಉ) ದೀಪು ದೊಡ್ಡವಳಾದ ಮೇಲೆ ಅವಳಿಗೆ ಬೇಕೆನಿಸಿದರೆ ಆ ಕೋಣೆ, ಬೇಡವೆನಿಸಿದರೆ ಇಲ್ಲ. ಯಾರೂ ಅವಳ ಮುಂದೆ ಚಾಪೆ ತಂದಿಡಬಾರದು.

ಸೌಮ್ಯಾ ಮೇಡಂ ಅವರಿಗೆ ಬೇರೆ ಕೊಟ್ಟಿಗೆ ಸಿಗದೇ ಇರುವುದಿಲ್ಲ. ಜಿಗಣಿ ಕಡೆ ಇನ್ನೂ ದನ ಇರುವ ಕೊಟ್ಟಿಗೆಗಳೇ ಇವೆಯಂತೆ, ಸಗಣಿ ತರಿಸುವ ತೊಂದರೆಯೂ ತಪ್ಪುತ್ತದೆ.

ತಮ್ಮ ವಿಶ್ವಾಸಿ, ಈ ಅರ್ಜಿಯನ್ನು ನಿಂತುಕೊಂಡೇ ಬರೆದವಳು,

ಆಶಾರಾಣಿ

ಅಡಕಗಳು:
1. ಡಾಕ್ಟರಮ್ಮನವರ ಚೀಟಿ. ಎರಡು ಗೆರೆ ಎಳೆದಿರುವ ಪದವನ್ನು ದಯವಿಟ್ಟು ಬೆರಳಿಟ್ಟು ಓದುವುದು.
2. "ಉತ್ತಮ ಜಾಗೃತಿ" ಪ್ರಮಾಣಪತ್ರ. ಮೊಹರು ಇದೆ, ಮುನೇಶ್ವರನ ಪಟದ ಹಿಂದೆ ಇಡಬಹುದು.
3. ಕಬ್ಬಿಣದ ಚಿಲಕ ಒಂದು, ಸ್ಕ್ರೂ ಸಮೇತ.

ಅಡಕ 3ರ ಬಗ್ಗೆ ವಿಶೇಷ ಕೋರಿಕೆ: ಸದರಿ ಚಿಲಕವನ್ನು ಬಾಗಿಲಿನ ಒಳಭಾಗಕ್ಕೆ ಹಾಕಿಸಬೇಕು. ಹಾಕಿಸಿದ ದಿನ ಮಧ್ಯಾಹ್ನ ಸ್ಥಳ ಪರಿಶೀಲನೆಗಾಗಿ ಮೊದಲು ತಾವೇ ಒಳಗೆ ಹೋಗಿ, ತಮ್ಮ ಕೈಯಿಂದ ಚಿಲಕ ಹಾಕಿಕೊಂಡು, ಮಲಗಿ ನೋಡಬೇಕಾಗಿ ಪ್ರಾರ್ಥನೆ. ನಾನು ಹೊರಗೆ ಜಗಲಿಯಲ್ಲಿ ಕೂತಿರುತ್ತೇನೆ. ಯಾರು ಬಂದು ಕೇಳಿದರೂ ಅತ್ತೆ ಮಲಗಿದ್ದಾರೆ ಅನ್ನುತ್ತೇನೆ.